ನಾಯಿ-ಬೆಕ್ಕು ಜತೆಗೆ ದೂರದ ಊರಿಗೆ: ವಿಮಾನವೋ, ರೈಲೋ, ಕಾರೋ, ಇಲ್ಲೇ ಬಿಡುವುದೋ?

ಮಗಳಿಗೆ ದಿಲ್ಲಿಯಲ್ಲಿ ಕೆಲಸ ಸಿಕ್ಕಿದೆ, ಬೆಕ್ಕನ್ನು ಬಿಟ್ಟು ಹೋಗಲ್ಲ ಅನ್ನುತ್ತಾಳೆ. ಯಜಮಾನರಿಗೆ ಪುಣೆಗೆ ವರ್ಗ ಆಗಿದೆ, ಮನೆಯಲ್ಲಿ ಲ್ಯಾಬ್ರಡಾರ್ ಇದೆ. ಬೆಂಗಳೂರಲ್ಲಿ ಮದುವೆ, ನಾಲ್ಕು ದಿನ ನಾಯಿಯನ್ನು ಯಾರು ನೋಡಿಕೊಳ್ತಾರೆ? ಕಾರವಾರ, ಕುಮಟಾ, ಶಿರಸಿ ಕಡೆಯವರು ಕೇಳುವ ಪ್ರಶ್ನೆಗಳು ಹೀಗೇ ಇರುತ್ತವೆ. ಎಲ್ಲರೂ ಕೊನೆಗೆ ಒಂದು ಮಾತು ಸೇರಿಸುತ್ತಾರೆ, ವಿಮಾನದಲ್ಲಿ ಕರೆದುಕೊಂಡು ಹೋದರೆ ಬೇಗ ಮುಗಿಯುತ್ತದೆ ಅಲ್ವಾ ಅಂತ.

ಕೆಲವರಿಗೆ ಮುಗಿಯುತ್ತದೆ, ಎಲ್ಲರಿಗೂ ಅಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣವೇ ಇಲ್ಲ. ಅಂಕೋಲಾದ ಅಲಗೇರಿಯಲ್ಲಿ ಆಗುತ್ತದೆ ಎಂದು ವರ್ಷಗಳಿಂದ ಕೇಳುತ್ತಿದ್ದೇವೆ. ಹಾಗಾಗಿ ನಮ್ಮ ವಿಮಾನ ಪ್ರಯಾಣ ಶುರುವಾಗುವುದು ಹೆದ್ದಾರಿಯಲ್ಲಿ ಅಥವಾ ಘಟ್ಟದಲ್ಲಿ, ಅದೂ ಎರಡು ಮೂರು ತಾಸು. ಆ ರಸ್ತೆಯನ್ನೂ ಲೆಕ್ಕಕ್ಕೆ ಹಿಡಿದು ನೋಡಿದರೆ ಮಾತ್ರ ಸರಿಯಾದ ಉತ್ತರ ಸಿಗುತ್ತದೆ.

ಮೊದಲು ಇವಿಷ್ಟು ನೋಡಿಕೊಳ್ಳಿ

ತೂಕ. ಪ್ರಾಣಿಯ ತೂಕ ಮಾತ್ರ ಅಲ್ಲ, ಅದು ಕೂರುವ ಬ್ಯಾಗು ಅಥವಾ ಡಬ್ಬಿಯನ್ನೂ ಸೇರಿಸಿದ ತೂಕ. ಅಂದಾಜು ಬೇಡ. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನಿಮ್ಮ ತೂಕ ಕಳೆಯಿರಿ.

ಮೂತಿ. ಪಗ್, ಬುಲ್‌ಡಾಗ್, ಬಾಕ್ಸರ್, ಶಿಟ್ಜು, ಪರ್ಷಿಯನ್ ಬೆಕ್ಕು, ಹೀಗೆ ಚಪ್ಪಟೆ ಮೂತಿಯವುಗಳಿಗೆ ಉಸಿರಾಟದ ದಾರಿ ಚಿಕ್ಕದು. ನಾಯಿ ತನ್ನ ಮೈ ತಂಪು ಮಾಡಿಕೊಳ್ಳುವುದು ಏದುಸಿರು ಬಿಟ್ಟೇ. ಅದಕ್ಕೇ ತೊಡಕಿದ್ದರೆ ಸೆಕೆ ಮತ್ತು ಗಾಬರಿ ಎರಡೂ ಸೇರಿದಾಗ ಜೀವಕ್ಕೇ ಅಪಾಯ. ಇಂಥ ತಳಿಗಳನ್ನು ವಿಮಾನದ ಕೆಳಭಾಗದಲ್ಲಿ ಒಯ್ಯಲು ಹಲವು ಕಂಪನಿಗಳು ಒಪ್ಪುವುದೇ ಇಲ್ಲ. ಒಪ್ಪಿದರೂ ನೀವು ಒಪ್ಪಬೇಡಿ.

ಎಷ್ಟು ದಿನಕ್ಕೆ ಹೋಗುತ್ತಿದ್ದೀರಿ ಅನ್ನುವುದೂ ಮುಖ್ಯ. ನಾಲ್ಕು ದಿನದ ಮದುವೆಗೂ ನಾಲ್ಕು ವರ್ಷದ ವರ್ಗಾವಣೆಗೂ ಒಂದೇ ಉತ್ತರ ಇರಲು ಸಾಧ್ಯವಿಲ್ಲ. ಆಮೇಲೆ ಕಾಲ. ಮಾರ್ಚ್‌ನಿಂದ ಮೇ ತನಕ ಕರಾವಳಿಯ ಸೆಕೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಮತ್ತು ಗುಡ್ಡ ಕುಸಿತ. ದುಡ್ಡಿನ ವಿಷಯ ಇವೆಲ್ಲ ಆದ ಮೇಲೆ, ಯಾಕೆಂದರೆ ಮೇಲಿನ ನಾಲ್ಕಕ್ಕೆ ಉತ್ತರ ಸಿಕ್ಕಿದಾಗ ಅರ್ಧ ಆಯ್ಕೆಗಳು ತಾವಾಗೇ ಬಿದ್ದುಹೋಗಿರುತ್ತವೆ.

ಯಾವ ವಿಮಾನ ನಿಲ್ದಾಣ?

ಶಿರಸಿ, ಯಲ್ಲಾಪುರದವರಿಗೆ ಹುಬ್ಬಳ್ಳಿ ಹತ್ತಿರ. ಶಿರಸಿಯಿಂದ ಸುಮಾರು 100 ಕಿಲೋಮೀಟರ್, ರಸ್ತೆಯೂ ಬಹುಪಾಲು ಸಪಾಟು. ಆದರೆ ಒಂದು ದೊಡ್ಡ ತೊಡಕಿದೆ. ಹುಬ್ಬಳ್ಳಿಯಿಂದ ಹಾರುವುದು ಬಹುತೇಕ ಇಂಡಿಗೋ ವಿಮಾನಗಳು, ಮತ್ತು ಇಂಡಿಗೋ ಸಾಕುಪ್ರಾಣಿಗಳನ್ನು ಹತ್ತಿಸಿಕೊಳ್ಳುವುದಿಲ್ಲ. ಅಂಗವಿಕಲರಿಗೆ ಸಹಾಯ ಮಾಡುವ ತರಬೇತಿ ಪಡೆದ ನಾಯಿಗೆ ಮಾತ್ರ ವಿನಾಯಿತಿ. ಹತ್ತಿರ ಇದೆ, ಟಿಕೆಟ್ಟೂ ಅಗ್ಗ ಎಂದು ಹುಬ್ಬಳ್ಳಿಯಿಂದ ಬುಕ್ ಮಾಡಿ ಆಮೇಲೆ ನಾಯಿಯ ವಿಷಯ ಕೇಳಿದರೆ ದುಡ್ಡೂ ಹೋಗುತ್ತದೆ, ದಿನವೂ ಹೋಗುತ್ತದೆ. ಭಟ್ಕಳ, ಹೊನ್ನಾವರದವರಿಗೆ ಮಂಗಳೂರು ಅನುಕೂಲದ ಜಾಗ, ಆದರೆ ಅಲ್ಲೂ ಇಂಡಿಗೋ ಪಾಲು ದೊಡ್ಡದು.

ಉಳಿದದ್ದು ಗೋವಾ. ಕಾರವಾರದವರಿಗೆ ಹತ್ತಿರವೂ ಅದೇ, ಸಾಕುಪ್ರಾಣಿ ಒಯ್ಯುವ ಕಂಪನಿಗಳು ಸಿಗುವುದೂ ಅಲ್ಲೇ. ಗೋವಾದಲ್ಲಿ ಈಗ ಎರಡು ವಿಮಾನ ನಿಲ್ದಾಣಗಳಿವೆ. ದಾಬೋಲಿಂ ಹಳೆಯದು, ಕಾರವಾರದಿಂದ 100 ಕಿಲೋಮೀಟರ್ ಒಳಗೇ ಬರುತ್ತದೆ. 2023ರ ಜನವರಿಯಲ್ಲಿ ಶುರುವಾದ ಮೋಪಾ ಉತ್ತರದ ಪೆಡ್ನೆ ತಾಲೂಕಿನಲ್ಲಿದೆ, ಸುಮಾರು 40 ಕಿಲೋಮೀಟರ್ ಜಾಸ್ತಿ. ಟಿಕೆಟ್‌ನಲ್ಲಿ ಎರಡಕ್ಕೂ ಗೋವಾ ಅಂತಲೇ ಇರುತ್ತದೆ, ಕೆಳಗಿನ ಚಿಕ್ಕ ಅಕ್ಷರ ನೋಡಿ. ಬ್ಯಾಗಿನಲ್ಲಿ ಕೂಗುವ ಬೆಕ್ಕನ್ನಿಟ್ಟುಕೊಂಡು ತಪ್ಪು ನಿಲ್ದಾಣ ಮುಟ್ಟಿದರೆ ಅಲ್ಲಿಂದ ಇನ್ನೊಂದಕ್ಕೆ ಓಡುವುದು ಆಗದ ಮಾತು.

ಮಳೆಗಾಲದಲ್ಲಿ ಹೊರಡುವವರು ರಸ್ತೆಗೆ ಒಂದೆರಡು ತಾಸು ಹೆಚ್ಚು ಇಟ್ಟುಕೊಳ್ಳಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಗಿದ್ದು, ಮುಂದಿನ ತಿಂಗಳೇ ಕಾಳಿ ನದಿಯ ಹಳೆಯ ಸೇತುವೆ ಬಿದ್ದಿದ್ದು ಯಾರೂ ಮರೆತಿಲ್ಲ. ಕುಮಟಾದಿಂದ ಗೋವಾಕ್ಕೆ ಹೋಗುವವರು ಈ ಎರಡೂ ಜಾಗ ದಾಟಲೇಬೇಕು.

ಕ್ಯಾಬಿನ್: ಬೆಕ್ಕಿಗೂ ಚಿಕ್ಕ ನಾಯಿಗೂ

ಪ್ರಾಣಿ ನಿಮ್ಮ ಜತೆಗೇ, ಕಾಲ ಬುಡದಲ್ಲಿ, ಮೆತ್ತನೆಯ ಬ್ಯಾಗಿನಲ್ಲಿ ಇರುತ್ತದೆ. ವಿಮಾನದ ಆಯ್ಕೆಗಳಲ್ಲಿ ನಾನು ಮನಸಾರೆ ಹೇಳುವುದು ಇದೊಂದನ್ನೇ. ಆಕಾಸಾ ಏರ್ 2022ರ ನವೆಂಬರ್‌ನಿಂದ ನಾಯಿ, ಬೆಕ್ಕುಗಳನ್ನು ಒಯ್ಯುತ್ತಿದೆ, ಕ್ಯಾಬಿನ್‌ಗೆ ಬ್ಯಾಗು ಸೇರಿ 10 ಕಿಲೋ ತನಕ ಬಿಡುತ್ತದೆ. ಏರ್ ಇಂಡಿಯಾದಲ್ಲೂ ಅವಕಾಶ ಇದೆ, ಅವರ ತೂಕದ ಮಿತಿ ಎಷ್ಟೆಂದು ಬುಕ್ ಮಾಡುವಾಗ ಕೇಳಿಕೊಳ್ಳಿ. ನಮ್ಮ ಮನೆಗಳ ಬೆಕ್ಕುಗಳು ಸಾಮಾನ್ಯವಾಗಿ ಮೂರರಿಂದ ಐದು ಕಿಲೋ. ಆರಾಮವಾಗಿ ಹೋಗಬಹುದು. ಪೊಮೇರಿಯನ್, ಚಿಕ್ಕ ಡ್ಯಾಶ್‌ಹೌಂಡ್ ಕೂಡ ಬಹಳ ಸಲ ಹೊಂದುತ್ತವೆ. ನಾಟಿ ನಾಯಿ ಬೆಳೆದ ಮೇಲೆ 15 ಕಿಲೋ ದಾಟುತ್ತದೆ, ಅದಕ್ಕೆ ಈ ಬಾಗಿಲು ಮುಚ್ಚಿದ ಹಾಗೇ.

ಇಲ್ಲಿ ಕೆಲವು ಕಟ್ಟುಪಾಡುಗಳಿವೆ. ಒಂದು ವಿಮಾನಕ್ಕೆ ಒಂದೆರಡು ಪ್ರಾಣಿಗಳನ್ನಷ್ಟೇ ಬಿಡುತ್ತಾರೆ. ಹಾಗಾಗಿ ಮೊದಲು ಕಂಪನಿಗೆ ಫೋನ್ ಮಾಡಿ ಜಾಗ ಇದೆಯಾ ಕೇಳಿ, ಆಮೇಲೆ ನಿಮ್ಮ ಟಿಕೆಟ್ಟಿನ ದುಡ್ಡು ಕಟ್ಟಿ. ಪ್ರಾಣಿಗೆ ಬೇರೆ ಶುಲ್ಕ ಇರುತ್ತದೆ. ಹೋಗಿ ಬರುವುದಾದರೆ ಎರಡು ಸಲ ಕಟ್ಟಬೇಕು. ಹಾರುವಾಗ ಬ್ಯಾಗಿನಿಂದ ಹೊರಗೆ ತೆಗೆಯುವ ಹಾಗಿಲ್ಲ, ಅಳುತ್ತದೆ ಅಂತ ತೊಡೆ ಮೇಲೆ ಕೂರಿಸಿಕೊಳ್ಳುವ ಹಾಗೂ ಇಲ್ಲ.

ಬೆಕ್ಕಿನವರು ಒಂದು ವಿಷಯಕ್ಕೆ ತಯಾರಾಗಿ ಹೋಗಬೇಕು. ಭದ್ರತಾ ತಪಾಸಣೆಯಲ್ಲಿ ಬ್ಯಾಗು ಎಕ್ಸ್-ರೇ ಯಂತ್ರದೊಳಗೆ ಹೋಗುತ್ತದೆ, ಬೆಕ್ಕನ್ನು ನೀವು ಕೈಯಲ್ಲಿ ಎತ್ತಿಕೊಂಡು ದಾಟಬೇಕು. ಆ ಸದ್ದು, ಆ ಜನ, ಆ ಬೆಳಕಿನ ನಡುವೆ ಮನೆಬೆಕ್ಕು ಕೈಬಿಡಿಸಿಕೊಂಡು ಓಡಿದರೆ ಹಿಡಿಯುವುದು ಬಹಳ ಕಷ್ಟ. ಎದೆಗೆ ಕಟ್ಟುವ ಪಟ್ಟಿ, ಅಂದರೆ ಹಾರ್ನೆಸ್, ಹಾಕಿ ಹಗ್ಗ ಮಣಿಕಟ್ಟಿಗೆ ಸುತ್ತಿಕೊಂಡೇ ಬ್ಯಾಗು ತೆರೆಯಿರಿ. ಮನೆಯಲ್ಲಿ ಮೂರು ವಾರ ಮೊದಲಿನಿಂದ ದಿನಾ ಸ್ವಲ್ಪ ಹೊತ್ತು ಪಟ್ಟಿ ಹಾಕಿ ರೂಢಿ ಮಾಡಿಸಿ. ಬೇಡ ಅಂದು ಬಿದ್ದು ಉರುಳಾಡುವ ಬೆಕ್ಕು ಕೂಡ ಅಷ್ಟರಲ್ಲಿ ಒಪ್ಪಿಕೊಳ್ಳುತ್ತದೆ.

ಕೆಳಗಿನ ಸಾಮಾನು ಕೋಣೆ: ತೀರಾ ಬೇಕಾದರೆ ಮಾತ್ರ

ಕ್ಯಾಬಿನ್ ಮಿತಿ ದಾಟಿದ ನಾಯಿ ವಿಮಾನದ ಹೊಟ್ಟೆಯಲ್ಲಿ ಹೋಗುತ್ತದೆ. ನಿಮ್ಮ ಜತೆಗಿನ ಸಾಮಾನಾಗಿಯೋ, ಬೇರೆಯೇ ಕಾರ್ಗೋ ಆಗಿಯೋ, ಎರಡು ತರ. ಅಲ್ಲಿ ಗಾಳಿ ಇಲ್ಲ, ಚಳಿಗೆ ಸಾಯುತ್ತವೆ ಅನ್ನುವುದು ನಿಜವಲ್ಲ. ಪ್ರಾಣಿ ಒಯ್ಯುವ ಕೋಣೆಗೆ ಮೇಲಿನ ಹಾಗೇ ಗಾಳಿಯ ಒತ್ತಡ ಇರುತ್ತದೆ, ಬಿಸಿಯೂ ಸರಿಯಾಗಿರುತ್ತದೆ. ನಿಜವಾದ ಕಷ್ಟ ಇರುವುದು ನೆಲದ ಮೇಲೆ. ಏಪ್ರಿಲ್ ಮಧ್ಯಾಹ್ನ ಗೋವಾದ ರನ್‌ವೇ ಪಕ್ಕದ ಕಾದ ಡಾಂಬರಿನ ಮೇಲೆ, ವಿಮಾನಕ್ಕೆ ಹತ್ತಿಸುವ ತನಕ ಡಬ್ಬಿಯೊಳಗೆ ಕಾಯುವುದಿದೆಯಲ್ಲ, ಅದು. ಸುತ್ತ ಎಂಜಿನ್ನಿನ ಸದ್ದು, ಗುರುತಿನ ಒಂದು ಮುಖವೂ ಇಲ್ಲ. ಗಟ್ಟಿ ಮನಸ್ಸಿನ ನಾಯಿ ತಡೆದುಕೊಳ್ಳುತ್ತದೆ, ಪಟಾಕಿಗೆ ಮಂಚದ ಕೆಳಗೆ ಅಡಗುವ ನಾಯಿಗೆ ಇದು ಬಹಳ ಕಠಿಣ.

ಹಾಗಾದರೆ ಯಾರಿಗೆ? ದಿಲ್ಲಿ, ಕೋಲ್ಕತ್ತ, ಗುವಾಹಟಿಯಂಥ ದೂರದ ಊರಿಗೆ ಕಾಯಂ ಆಗಿ ಹೋಗುವವರಿಗೆ, ನಾಯಿ ಆರೋಗ್ಯವಾಗಿದ್ದು ಉದ್ದ ಮೂತಿಯದಾಗಿದ್ದರೆ. ಅಂಥವರು ನೇರ ವಿಮಾನವನ್ನೇ ಹುಡುಕಿ. ನಡುವೆ ಬದಲಿಸುವುದಿದ್ದರೆ ಆ ಬಿಸಿಲಿನ ಕಾಯುವಿಕೆ ಎರಡು ಸಲ ಆಗುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗುವಂತಿದ್ದರೆ ಒಳ್ಳೆಯದು, ಆಗದಿದ್ದರೆ ಬೆಳಿಗ್ಗೆ ಬೇಗನೆಯ ಅಥವಾ ರಾತ್ರಿಯ ವಿಮಾನ.

ಡಬ್ಬಿಯ ವಿಷಯದಲ್ಲಿ ಉಳಿತಾಯ ಬೇಡ. ನಾಯಿ ಅದರೊಳಗೆ ತಲೆ ತಾಗದೆ ನಿಲ್ಲಬೇಕು, ಒಂದು ಸುತ್ತು ತಿರುಗಬೇಕು, ಕಾಲು ಚಾಚಿ ಮಲಗಬೇಕು. ಗಟ್ಟಿ ಪ್ಲಾಸ್ಟಿಕ್, ಕಬ್ಬಿಣದ ಬಾಗಿಲು, ನಟ್ಟು ಬೋಲ್ಟು ಹಾಕಿದ ಜೋಡಣೆ, ಸುತ್ತ ಗಾಳಿಗೆ ಕಿಂಡಿ, ಹೊರಗಿನಿಂದ ನೀರು ಹಾಕುವಂಥ ಬಟ್ಟಲು. ಪ್ರಾಣಿ ಸಾಗಣೆಗೆ ಐಯಾಟಾ, ಅಂದರೆ ವಿಮಾನ ಕಂಪನಿಗಳ ಜಾಗತಿಕ ಒಕ್ಕೂಟದ ನಿಯಮ ಇದೆ, ಅದಕ್ಕೆ ಹೊಂದುವ ಡಬ್ಬಿ ಕೊಡಿ ಎಂದೇ ಅಂಗಡಿಯಲ್ಲಿ ಕೇಳಿ. ಡಬ್ಬಿ ತಂದ ದಿನವೇ ಬಾಗಿಲು ಹಾಕಬೇಡಿ. ಒಂದು ತಿಂಗಳು ಮೊದಲೇ ತಂದು ಜಗಲಿಯಲ್ಲಿಟ್ಟು, ಊಟ ಅದರೊಳಗೇ ಹಾಕಿ, ಮಧ್ಯಾಹ್ನದ ನಿದ್ದೆ ಅದರೊಳಗೇ ಮಾಡುವ ಹಾಗಾದ ಮೇಲೆ ಸದಾಶಿವಗಡದ ತನಕವೋ ಬನವಾಸಿಯ ತನಕವೋ ಕಾರಿನಲ್ಲಿ ಒಂದು ಸುತ್ತು ಒಯ್ಯಿರಿ.

ಎಲ್ಲವನ್ನೂ ನೋಡಿಕೊಳ್ಳುವ ಏಜೆಂಟರೂ ಇದ್ದಾರೆ, ಮನೆಯಿಂದ ಮನೆಗೆ ಮುಟ್ಟಿಸುತ್ತಾರೆ. ಎಲ್ಲಕ್ಕಿಂತ ದುಬಾರಿ ಇದೇ. ನಿಮಗೆ ಜತೆಗೆ ಹೋಗಲು ಆಗದೇ ಇದ್ದರೆ, ಅಥವಾ ವಿದೇಶಕ್ಕಾದರೆ, ಆ ದುಡ್ಡಿಗೆ ಅರ್ಥ ಇದೆ.

ನಿದ್ದೆ ಬರುವ ಮಾತ್ರೆ ಕೊಟ್ಟು ಕಳಿಸೋಣವೇ ಅಂತ ಬಹಳ ಜನ ಕೇಳುತ್ತಾರೆ. ಬೇಡ, ದಯವಿಟ್ಟು ಬೇಡ. ಅದು ರಕ್ತದೊತ್ತಡ ಇಳಿಸುತ್ತದೆ, ಉಸಿರಾಟ ನಿಧಾನ ಮಾಡುತ್ತದೆ. ಕೆಳಗಿನ ಕೋಣೆಯಲ್ಲಿ ಏನಾದರೂ ಆದರೆ ನೋಡುವವರು ಯಾರೂ ಇರುವುದಿಲ್ಲ. ಪಶುವೈದ್ಯರು ವಿಮಾನಕ್ಕೆ ಇದನ್ನು ಬೇಡ ಅನ್ನುವುದೂ ಇದಕ್ಕೇ.

ರೈಲು: ದೊಡ್ಡ ನಾಯಿಗೆ ಒಳ್ಳೆಯದು, ಆದರೆ ಖಾತ್ರಿ ಇಲ್ಲ

ಕೊಂಕಣ ರೈಲು ನಮ್ಮ ಕರಾವಳಿಗೆ ದೊಡ್ಡ ಅನುಕೂಲ. ನಾಯಿಯನ್ನು ಜತೆಗೇ ಕೂರಿಸಿಕೊಂಡು ಹೋಗಬೇಕಾದರೆ ಫಸ್ಟ್ ಎಸಿಯಲ್ಲಿ ಇಬ್ಬರ ಕೂಪೆ ಅಥವಾ ನಾಲ್ವರ ಕ್ಯಾಬಿನ್ ಪೂರ್ತಿ ನಿಮ್ಮದಾಗಿರಬೇಕು. ಒಬ್ಬರೇ ಹೋಗುವುದಾದರೂ ಎರಡು ಬರ್ತ್‌ಗೆ ದುಡ್ಡು ಕೊಡಬೇಕು. ಸೆಕೆಂಡ್ ಎಸಿ, ಥರ್ಡ್ ಎಸಿ, ಸ್ಲೀಪರ್, ಚೇರ್ ಕಾರ್ ಯಾವುದರಲ್ಲೂ ನಾಯಿಗೆ ಅವಕಾಶ ಇಲ್ಲ. ಫಸ್ಟ್ ಎಸಿ ಬೋಗಿ ಇರುವ ರೈಲನ್ನೇ ಹುಡುಕಬೇಕು, ಕಾರವಾರದಲ್ಲಿ ಸಿಗದಿದ್ದರೆ ಮಡಗಾಂವ್‌ನಿಂದ ಹತ್ತುವುದನ್ನೂ ಯೋಚಿಸಿ.

ತೊಡಕು ಎಲ್ಲಿ ಅಂದರೆ, ಕೂಪೆ ಸಿಕ್ಕಿತೋ ಇಲ್ಲವೋ ಗೊತ್ತಾಗುವುದು ಚಾರ್ಟ್ ತಯಾರಾದಾಗ. ಕೂಪೆ ಬೇಕು ಎಂದು ಮೊದಲೇ ಅರ್ಜಿ ಕೊಡಬಹುದು, ಆದರೂ ಕೊನೆಯ ತನಕ ಎದೆ ಢವಢವ. ಸಿಕ್ಕ ಮೇಲೆ ಟಿಕೆಟ್, ಲಸಿಕೆ ಪುಸ್ತಕ ಹಿಡಿದು ಪಾರ್ಸೆಲ್ ಕಚೇರಿಗೆ ಹೋಗಿ ನಾಯಿಯನ್ನು ಬುಕ್ ಮಾಡಿಸಬೇಕು. ಅದಕ್ಕೆ ಒಂದೆರಡು ತಾಸು ಮೊದಲೇ ನಿಲ್ದಾಣ ಮುಟ್ಟಿ. ಬುಕ್ ಮಾಡಿಸದೆ ಸಿಕ್ಕಿಬಿದ್ದರೆ ಆರು ಪಟ್ಟು ವಸೂಲಿ ಮಾಡುತ್ತಾರೆ.

ಇನ್ನೊಂದು ದಾರಿ ಗಾರ್ಡ್ ಬೋಗಿಯ ನಾಯಿ ಡಬ್ಬಿ. ಖರ್ಚು ಬಹಳ ಕಡಿಮೆ. ಆದರೆ ಕತ್ತಲು, ಸೆಕೆ, ಸದ್ದು, ಮತ್ತು ನಿಲ್ದಾಣ ಬಂದಾಗಲೆಲ್ಲ ನೀವೇ ಓಡಿ ಹೋಗಿ ನೀರು ಕೊಡಬೇಕು. ಐದು ನಿಮಿಷ ಕೂಡ ನಿಲ್ಲದ ರೈಲಿನಲ್ಲಿ ಅದು ಆಗುವ ಕೆಲಸವಲ್ಲ. ದುಡ್ಡಿನ ಕೊರತೆ ಎಷ್ಟೇ ಇದ್ದರೂ ಇದಕ್ಕಿಂತ ಕಾರು ಹಂಚಿಕೊಂಡು ಹೋಗುವುದನ್ನು ನೋಡಿ.

ಕಾರು: ಬೆಂಗಳೂರು, ಪುಣೆಗೆ ಇದೇ ಸರಿ

ಲೆಕ್ಕ ಹಾಕಿ ನೋಡಿ. ಕಾರವಾರದಿಂದ ದಾಬೋಲಿಂಗೆ ಎರಡೂವರೆ ತಾಸು, ಪ್ರಾಣಿ ಇರುವುದರಿಂದ ಎರಡು ಮೂರು ತಾಸು ಮೊದಲೇ ಅಲ್ಲಿರಬೇಕು, ಹಾರಾಟ ಒಂದು ತಾಸಿನ ಮೇಲೆ, ಇಳಿದು ದೇವನಹಳ್ಳಿಯಿಂದ ಊರೊಳಗೆ ಇನ್ನೊಂದೂವರೆ ತಾಸು. ಎಲ್ಲ ಸೇರಿ ಏಳೆಂಟು ತಾಸು ಆಗುತ್ತದೆ. ಕಾರಿನಲ್ಲಿ ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿ ಮೇಲೆ ಹೋದರೂ ಹತ್ತು ತಾಸಿನ ಆಸುಪಾಸು. ಶಿರಸಿಯವರಿಗಂತೂ ಬೆಂಗಳೂರು ಸುಮಾರು 400 ಕಿಲೋಮೀಟರ್, ಅವರು ವಿಮಾನದ ಯೋಚನೆಯನ್ನೇ ಬಿಡಬಹುದು. ತೂಕದ ಮಿತಿ ಇಲ್ಲ, ಡಬ್ಬಿಯ ಅಳತೆ ಇಲ್ಲ, ಬೇಕಾದಲ್ಲಿ ನಿಲ್ಲಿಸಬಹುದು. ಪಗ್ ಇರುವವರಿಗೆ ಎಸಿ ಹಾಕಿದ ಕಾರಿಗಿಂತ ಸುರಕ್ಷಿತ ದಾರಿ ಇನ್ನೊಂದಿಲ್ಲ.

ಘಟ್ಟದ ತಿರುವುಗಳಲ್ಲಿ ವಾಂತಿ ಮಾಡುವ ನಾಯಿಗಳು ಬಹಳ. ಹೊರಡುವ ನಾಲ್ಕು ತಾಸು ಮೊದಲು ಊಟ ನಿಲ್ಲಿಸಿ, ನೀರು ನಿಲ್ಲಿಸಬೇಡಿ. ಎರಡು ಮೂರು ತಾಸಿಗೊಮ್ಮೆ ಇಳಿಸಿ, ಆದರೆ ಹಗ್ಗ ಹಾಕಿಯೇ ಇಳಿಸಿ. ಊಟಕ್ಕೆ ನಿಂತಾಗ ಗಾಜು ಹಾಕಿ ಕಾರಿನಲ್ಲೇ ಬಿಟ್ಟು ಹೋಗಬೇಡಿ, ಹತ್ತೇ ನಿಮಿಷ ಅಂದರೂ ಬೇಡ. ಬಾಡಿಗೆ ಕಾರಾದರೆ ನಾಯಿ ಇದೆ ಎಂದು ಬುಕ್ ಮಾಡುವಾಗಲೇ ಹೇಳಿ. ಬಾಗಿಲಿಗೆ ಬಂದ ಮೇಲೆ ಬೇಡ ಅನ್ನುವ ಚಾಲಕರು ಇದ್ದಾರೆ. ಸೀಟಿಗೆ ಹಾಸಲು ಹಳೆಯ ಚಾದರ ನೀವೇ ತಂದರೆ ಅವರಿಗೂ ಸಮಾಧಾನ.

ಇಲ್ಲೇ ಬಿಟ್ಟು ಹೋಗುವುದು

ಒಂದು ವಾರದ ಒಳಗಿನ ಪ್ರವಾಸಕ್ಕೆ, ಅದರಲ್ಲೂ ಬೆಕ್ಕಿಗೆ, ನನ್ನ ಸಲಹೆ ಇದೇ. ಬೆಕ್ಕು ಹಚ್ಚಿಕೊಳ್ಳುವುದು ಮನೆಯನ್ನು, ಅದರ ಮೂಲೆಗಳನ್ನು. ದಿನಕ್ಕೆ ಎರಡು ಹೊತ್ತು ಪಕ್ಕದ ಮನೆಯವರು ಬಂದು ಮೀನು ಅನ್ನ ಹಾಕಿ, ಸ್ವಲ್ಪ ಹೊತ್ತು ಕೂತು ಹೋದರೆ ಅದು ನೆಮ್ಮದಿಯಾಗಿ ಇರುತ್ತದೆ.

ನಾಯಿಗೆ ಹಾಗಾಗುವುದಿಲ್ಲ, ಜನ ಬೇಕು. ಅದಕ್ಕೆ ಗುರುತಿರುವ ನೆಂಟರ ಮನೆ ಎಲ್ಲಕ್ಕಿಂತ ಒಳ್ಳೆಯದು. ಶಿರಸಿ, ಸಿದ್ದಾಪುರದ ತೋಟದ ಮನೆಯವರಿಗೆ ಒಂದು ಮಾತು: ಆಳು ಬಂದು ಅನ್ನ ಹಾಕುತ್ತಾನೆ ಎಂದು ನಾಯಿಯನ್ನು ಅಂಗಳದಲ್ಲಿ ಕಟ್ಟಿ ಮನೆಗೆ ಬೀಗ ಹಾಕಿ ಹೋಗಬೇಡಿ. ಚಿರತೆ ಬಂದರೆ ಕಟ್ಟಿದ ನಾಯಿಗೆ ಓಡಲೂ ದಾರಿ ಇಲ್ಲ. ದುಡ್ಡು ಕೊಟ್ಟು ಬಿಡುವ ಜಾಗಗಳು ಹುಬ್ಬಳ್ಳಿ, ಗೋವಾ ಕಡೆ ಜಾಸ್ತಿ ಸಿಗುತ್ತವೆ. ಬಿಡುವ ಮೊದಲು ಹೋಗಿ ಮಲಗುವ ಜಾಗ ನೋಡಿ. ನಿಮ್ಮ ನಾಯಿಯ ಲಸಿಕೆ ಪುಸ್ತಕ ಕೇಳದೆ ಸೇರಿಸಿಕೊಳ್ಳುವವರು ಪಕ್ಕದ ನಾಯಿಯದ್ದನ್ನೂ ಕೇಳಿರುವುದಿಲ್ಲ, ಅಲ್ಲಿ ಬಿಡಬೇಡಿ.

ಕಾಗದ ಪತ್ರ

ವಿಮಾನಕ್ಕೆ ಮುಖ್ಯವಾಗಿ ಬೇಕಾದದ್ದು ಎರಡು: ರೇಬೀಸ್ ಲಸಿಕೆಯ ದಾಖಲೆ, ಪ್ರಯಾಣಕ್ಕೆ ಯೋಗ್ಯ ಎಂಬ ಪಶುವೈದ್ಯರ ಪ್ರಮಾಣಪತ್ರ. ಲಸಿಕೆ ಹಾಕಿಸಿ 30 ದಿನ ಆಗಿರಬೇಕು, ವರ್ಷ ದಾಟಿರಬಾರದು, ಹೀಗಿಟ್ಟುಕೊಂಡರೆ ತಕರಾರು ಬರುವುದಿಲ್ಲ. ಮರಿಗಳಿಗೆ ಈ ಲಸಿಕೆ ಹಾಕುವುದೇ ಮೂರು ತಿಂಗಳಿಗೆ. ಅಲ್ಲಿಗೆ ನಾಲ್ಕು ತಿಂಗಳ ಒಳಗಿನ ಮರಿಯನ್ನು ಹಾರಿಸುವ ಯೋಚನೆ ಬಿಟ್ಟುಬಿಡಿ. ಗಬ್ಬದ ಪ್ರಾಣಿಯನ್ನೂ ಒಯ್ಯುವಂತಿಲ್ಲ.

ಪ್ರಮಾಣಪತ್ರವನ್ನು ಹೊರಡುವ ಎರಡು ದಿನ ಮೊದಲು ಮಾಡಿಸಿ. ಸೋಮವಾರದ ವಿಮಾನವಾದರೆ ನಡುವೆ ಭಾನುವಾರ ಬರುತ್ತದೆ, ತಾಲೂಕು ಪಶು ಆಸ್ಪತ್ರೆಯ ವೈದ್ಯರಿಗೆ ವಾರದ ಮೊದಲೇ ಹೇಳಿಟ್ಟುಕೊಳ್ಳಿ. ನಮ್ಮ ಕಡೆಯ ನಾಯಿಗಳಿಗೆ ಉಣ್ಣೆ ಹುಳು ಜಾಸ್ತಿ, ಗುಡ್ಡ ಬೆಟ್ಟ ಸುತ್ತಿ ಬರುವವುಗಳಿಗಂತೂ ಕೇಳುವುದೇ ಬೇಡ. ಹದಿನೈದು ದಿನ ಮೊದಲೇ ಉಣ್ಣೆಗೆ ಔಷಧಿ ಮಾಡಿಸಿ, ಮೈತುಂಬ ಉಣ್ಣೆ ಇರುವ ನಾಯಿಗೆ ವೈದ್ಯರು ಸಹಿ ಹಾಕಲು ಹಿಂದೆಮುಂದೆ ನೋಡುತ್ತಾರೆ. ಎಲ್ಲದರ ಮೂರು ಜೆರಾಕ್ಸ್ ಇರಲಿ.

ವಿದೇಶಕ್ಕೆ ಹೋಗುವವರು

ಇದು ಪೂರ್ತಿ ಬೇರೆ ಲೆಕ್ಕ. ಮೊದಲು ಮೈಕ್ರೋಚಿಪ್ (ಚರ್ಮದ ಕೆಳಗೆ ಹಾಕುವ ಗುರುತಿನ ಚಿಪ್), ಆಮೇಲೆ ರೇಬೀಸ್ ಲಸಿಕೆ, ಇದೇ ಕ್ರಮದಲ್ಲಿ ಆಗಬೇಕು. ಯುರೋಪ್ ಒಕ್ಕೂಟದ ದೇಶಗಳಿಗಾದರೆ ಲಸಿಕೆ ಆಗಿ 30 ದಿನದ ಮೇಲೆ ರಕ್ತ ಪರೀಕ್ಷೆ, ರಕ್ತ ತೆಗೆದ ದಿನದಿಂದ ಮತ್ತೆ ಮೂರು ತಿಂಗಳು ಕಾಯಬೇಕು. ಅಲ್ಲಿಗೇ ನಾಲ್ಕು ತಿಂಗಳಾಯಿತು. ಅಮೆರಿಕ 2024ರ ಆಗಸ್ಟ್‌ನಿಂದ ಆರು ತಿಂಗಳ ಒಳಗಿನ ನಾಯಿಯನ್ನು ಬಿಡುತ್ತಿಲ್ಲ. ಭಾರತದಿಂದ ಬರುವ ನಾಯಿಗೆ ಇನ್ನೂ ಬಿಗಿಯಾದ ನಿಯಮಗಳಿವೆ. ಭಟ್ಕಳ, ಹೊನ್ನಾವರದಿಂದ ದುಬೈಗೆ ಹೋಗುವವರು ಅಲ್ಲಿನ ಆಮದು ಪರವಾನಗಿ ಮೊದಲೇ ಪಡೆಯಬೇಕು.

ಹೊರಡುವಾಗ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯ ಪ್ರಮಾಣಪತ್ರವೂ ಬೇಕು. ನಮಗೆ ಹತ್ತಿರದ್ದು ಬೆಂಗಳೂರು ಅಥವಾ ಮುಂಬೈ. ವಾಪಸ್ ತರುವಾಗಲೂ ದಿಲ್ಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಬೆಂಗಳೂರು, ಹೈದರಾಬಾದ್, ಕೊಚ್ಚಿಯಂಥ ನಿಗದಿತ ನಿಲ್ದಾಣಗಳಲ್ಲಿ ಮಾತ್ರ ಇಳಿಸಬಹುದು, ಗೋವಾ ಅಥವಾ ಮಂಗಳೂರಿಗೆ ನೇರ ವಿಮಾನ ಇದ್ದರೂ ನಾಯಿಗೆ ಅದು ನಡೆಯುವುದಿಲ್ಲ. ಕೆಲಸದ ಪತ್ರ ಕೈಗೆ ಬಂದ ವಾರವೇ ಪಶುವೈದ್ಯರ ಹತ್ತಿರ ಹೋಗಿ ಚಿಪ್ ಹಾಕಿಸಿ. ನಿಮ್ಮ ವೀಸಾ ಬರುವುದರೊಳಗೆ ನಾಯಿಯ ದಿನಗಳೂ ತುಂಬುತ್ತಾ ಬಂದಿರುತ್ತವೆ. ನೀವು ಮೊದಲು ಹೋಗಲೇಬೇಕಾದರೆ ಉಳಿದ ತಿಂಗಳುಗಳಿಗೆ ಅದು ಯಾರ ಮನೆಯಲ್ಲಿರುತ್ತದೆ ಎಂದು ಆಗಲೇ ಮಾತಾಡಿಕೊಳ್ಳಿ.